ಎರಡು ಸಲ ಒತ್ತುವ ಕಾಲು

ಅವತ್ತು ಗುಬ್ಬಿಯಲ್ಲಿ ಸಂತೆ. ಕಾರು ಓಡಿಸುತ್ತಿದ್ದವಳು ನಾನು. ನಮ್ಮ ಯಜಮಾನರು ಎಡಗಡೆ ಸೀಟಿನಲ್ಲಿ ಕೂತಿದ್ದರು. ಅದೇ ನಮ್ಮ ಕೊನೆಯ ಮಾಮೂಲು ದಿನ ಎಂದು ಗೊತ್ತಿರಲಿಲ್ಲವಾದ್ದರಿಂದ ನಾನು ಏನನ್ನೂ ಗಮನವಿಟ್ಟು ನೋಡಿಕೊಳ್ಳಲಿಲ್ಲ. ಅವರು ಯಾವ ಅಂಗಿ ಹಾಕಿದ್ದರು ಎಂದು ಕೇಳಿದರೆ ಈಗ ಹೇಳಲಾರೆ. ಒಂದು ಚೀಲ ಅವರೆಕಾಯಿ ತಂದೆವು. ಅದು ನೆನಪಿದೆ, ಯಾಕೆಂದರೆ ಅಡಿಗೆಮನೆಯ ಮೂಲೆಯಲ್ಲಿಟ್ಟ ಆ ಚೀಲವನ್ನು ಆಮೇಲೆ ಯಾರೂ ಬಿಚ್ಚಲಿಲ್ಲ.

ನಾವಿದ್ದದ್ದು ಕ್ಯಾತ್ಸಂದ್ರದಲ್ಲಿ, ಬಾಡಿಗೆ ಮನೆ. ನಾನು ಹಾಸ್ಟೆಲ್ ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. ಅವರು ಗುಬ್ಬಿಯವರು. ಹರೆಯದಿಂದ ಟೆಂಪೋ ಓಡಿಸಿ, ಕೊಬ್ಬರಿ ಮೂಟೆ, ತೆಂಗಿನಕಾಯಿ ಹೊತ್ತು ತಿರುಗಿ ಸೊಂಟ ನೋವು ತಂದುಕೊಂಡರು. ಕೊನೆಗೆ ಟೆಂಪೋ ಮಾರಿ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ತಗೊಂಡರು. ಆಸ್ಪತ್ರೆಗೆ ಹೋಗುವವರು, ಮದುವೆಗೆ ಹೋಗುವವರು, ಟ್ರಂಕು ಹಿಡಿದು ಹಾಸ್ಟೆಲ್ಲಿಗೆ ಬರುವ ಮಕ್ಕಳು, ಇಂಥವರೇ ಬಾಡಿಗೆಗೆ ಸಿಗುತ್ತಿದ್ದರು. ಕಾರಿಗೆ ಸದ್ದಿಲ್ಲ. "ಇವಳೂ ನಿನ್ನ ಥರಾನೇ, ಮಾತೇ ಆಡಲ್ಲ" ಎಂದು ಅದಕ್ಕೆ ಮೂಗಿ ಎಂದು ಹೆಸರಿಟ್ಟಿದ್ದರು. ಕಿಟಕಿಯಿಂದ ವೈರು ಎಳೆದು ಚಾರ್ಜಿಗೆ ಹಾಕಿದಾಗಲೆಲ್ಲ ಮನೆ ಓನರ್ ಅಜ್ಜಿ ಮಹಡಿಯಿಂದ ಬಗ್ಗಿ, "ಏನಮ್ಮ, ಸೊಸೆಗೆ ಊಟಕ್ಕಿಟ್ಟೆಯಾ?" ಎಂದು ಕೇಳುತ್ತಿದ್ದರು.

ನನಗೆ ಓಡಿಸಲು ಕಲಿಸಿದವರೂ ಅವರೇ. ನಾನು ಹೆದರಿ ಹಿಂದೆ ಸರಿದಾಗ, "ದಿನಾ ಮಿಷಿನ್ ತುಳಿಯೋ ಕಾಲು, ಬ್ರೇಕ್ ತುಳಿಯಕ್ಕೇನು ಕಷ್ಟ?" ಎಂದಿದ್ದರು. ಎಲೆಕ್ಟ್ರಿಕ್ ಕಾರು ಓಡಿಸುವುದು ನಿಜಕ್ಕೂ ಸುಲಭ. ಆಕ್ಸಿಲರೇಟರ್ ಮೇಲಿನ ಕಾಲು ತೆಗೆದರೆ ಸಾಕು, ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದ ಹಾಗೆ ತಾನಾಗಿಯೇ ನಿಧಾನವಾಗುತ್ತದೆ. ಆಗ ಚಕ್ರದ ಓಟವೇ ಬ್ಯಾಟರಿಗೆ ಕರೆಂಟು ತುಂಬುತ್ತದಂತೆ. ಬ್ರೇಕ್ ಬೇಕಾಗುವುದು ಪೂರ್ತಿ ನಿಲ್ಲಿಸುವಾಗ ಮಾತ್ರ. ಆ ಬ್ರೇಕನ್ನು ಅವರು ಯಾವತ್ತೂ ಒಂದೇ ಸಲ ಒತ್ತಿದವರಲ್ಲ. ಹಳೇ ಟೆಂಪೋದಲ್ಲಿ ಮೊದಲನೇ ಒತ್ತಿಗೆ ಬ್ರೇಕ್ ಹಿಡಿಯುತ್ತಿರಲಿಲ್ಲವಂತೆ. ಒಮ್ಮೆ ಒತ್ತಿ, ಬಿಟ್ಟು, ಮತ್ತೆ ಒತ್ತಬೇಕಿತ್ತು. ಟೆಂಪೋ ಹೋದರೂ ಕಾಲಿನ ಅಭ್ಯಾಸ ಹೋಗಲಿಲ್ಲ. ಟೆಂಪೋವನ್ನೇ ಓಡಿಸದ ನನಗೂ ಅದನ್ನೇ ಕಲಿಸಿದರು.

ಸಂತೆ ಮುಗಿಸಿ ಬರುವಾಗ ತುಮಕೂರಿನ ಗುಬ್ಬಿ ಗೇಟ್ ಹತ್ತಿರ ವಾಹನಗಳು ಸಾಲಾಗಿ ನಿಂತಿದ್ದವು. ನಾನು ಬ್ರೇಕ್ ಒತ್ತಿದೆ.

"ರೀ, ಪೆಡಲ್ ಯಾಕೋ ಮೆತ್ತಗಿದೆ."

"ಎರಡು ಸಲ ಒತ್ತು ಕಣೇ. ಎಷ್ಟು ಸಲ ಹೇಳ್ಬೇಕು ನಿಂಗೆ?"

"ಎರಡು ಸಲ ಹೇಳಿ, ಸಾಕು."

ಅವರು ನಕ್ಕರು. ನಗುತ್ತಲೇ ಅವರ ಬಲಗಾಲು ತನ್ನ ಮುಂದಿನ ರಬ್ಬರ್ ಮ್ಯಾಟನ್ನು ಎರಡು ಸಲ ಒತ್ತಿತು. ನಾನು ಓಡಿಸುವಾಗಲೆಲ್ಲ ಹಾಗೆಯೇ. ಮ್ಯಾಟಿನ ಆ ಜಾಗ ಸವೆದು, ಗೆರೆಗಳೆಲ್ಲ ಅಳಿಸಿ ನುಣ್ಣಗಾಗಿತ್ತು.

"ಆ ಕಡೆ ಬ್ರೇಕ್ ಇಲ್ಲ. ಸುಮ್ನೆ ಕೂತ್ಕೊಳ್ಳಿ" ಎಂದೆ.

"ನಿನ್ನ ನಂಬ್ಕಂಡು ಸುಮ್ನೆ ಕೂತ್ಕಳಕ್ಕಾಗ್ತದಾ?"

ಮನೆಗೆ ಬಂದೆವು. ಕಾರನ್ನು ಚಾರ್ಜಿಗೆ ಹಾಕಿದೆವು. ಆ ದಿನದ ಬಗ್ಗೆ ಹೇಳಲು ಇದಕ್ಕಿಂತ ಹೆಚ್ಚಿಲ್ಲ.

ಮರುದಿನ ಬೆಳಿಗ್ಗೆ ಕುಣಿಗಲ್ಲಿಗೆ ಒಂದು ಬಾಡಿಗೆ ಇತ್ತು. ತಾಲ್ಲೂಕು ಕಚೇರಿಯಲ್ಲಿ ಕೆಲಸವಿದ್ದ ಗಂಡ ಹೆಂಡತಿಯನ್ನು ಅಲ್ಲಿ ಬಿಟ್ಟು ಅವರು ಒಬ್ಬರೇ ವಾಪಸು ಹೊರಟಿದ್ದರು. ನಾನು ಮಿಷಿನ್ನಿನ ಮುಂದೆ ಕೂತು ಒಂದು ಲಂಗಕ್ಕೆ ನೆರಿಗೆ ಹಿಡಿಯುತ್ತಿದ್ದಾಗ ಅವರ ನಂಬರಿನಿಂದ ಫೋನ್ ಬಂತು. ದನಿ ಅವರದ್ದಾಗಿರಲಿಲ್ಲ.

"ಅಮ್ಮ, ಈ ಫೋನಿನೋರು ನಿಮಗೇನಾಗ್ಬೇಕು?"

ನಾನು ಹೇಳಿದೆ. ಆ ಕಡೆಯವರು ತಕ್ಷಣ ಆಸ್ಪತ್ರೆಗೆ ಬರಲು ಹೇಳಿದರು.

ಮೊಪೆಡ್ಡಿನಲ್ಲಿ ಹುಲ್ಲಿನ ಹೊರೆ ಇಟ್ಟುಕೊಂಡು ಹೋಗುತ್ತಿದ್ದ ರೈತರೊಬ್ಬರು ಅವರನ್ನು ಮೊದಲು ನೋಡಿದ್ದು. ಹೆಬ್ಬೂರಿಗೆ ಇನ್ನೂ ಸ್ವಲ್ಪ ದೂರವಿರುವಾಗ, ರಸ್ತೆ ಪಕ್ಕದ ಹುಣಸೆಮರದ ಕೆಳಗೆ ಕಾರು ನಿಂತಿತ್ತು. ಎರಡೂ ಕಡೆಯ ಇಂಡಿಕೇಟರ್ ಹತ್ತಿ ಆರುತ್ತಿದ್ದವು. ಮಲಗಿದ್ದಾರೆ ಅಂದುಕೊಂಡು ಮುಂದೆ ಹೋದವರು, ಮನಸ್ಸು ತಡೆಯದೆ ತಿರುಗಿ ಬಂದು ಗಾಜು ಬಡಿದರಂತೆ. ಆಸ್ಪತ್ರೆಯಲ್ಲಿ ನನ್ನ ಎದುರು ನಿಂತು ಅವರು ಹೇಳಿದ್ದು ಇಷ್ಟು: "ರೋಡಿಂದ ಪೂರ್ತಿ ಕೆಳಗಿಳಿಸಿ ನಿಲ್ಸಿದ್ರು ಕಣಮ್ಮ. ಹ್ಯಾಂಡ್ ಬ್ರೇಕ್ ಎಳ್ದಿತ್ತು." ಡಾಕ್ಟರು ಹೃದಯಾಘಾತ ಎಂದರು. ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ.

ತಿಥಿ ಗುಬ್ಬಿಯಲ್ಲಿ, ಮೈದುನನ ಮನೆಯಲ್ಲಿ ಆಯಿತು. ಮೈದುನ ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ಅಣ್ಣನೆಂದರೆ ಅವನಿಗೆ ಪ್ರಾಣ. ಫೋಟೋದ ಮುಂದೆ ಎಡೆ ಇಟ್ಟರು. ಮುದ್ದೆ, ಅವರೆಕಾಳು ಸಾರು, ಬೋಂಡ. ಅವರು ಎಂದೋ ಬಿಟ್ಟಿದ್ದ ಬೀಡಿಯನ್ನೂ ಯಾರೋ ತಂದಿಟ್ಟರು. ಇಷ್ಟವಾದದ್ದನ್ನೆಲ್ಲ ಇಡಬೇಕಲ್ಲ ಎಂದು ಮೈದುನ ಕಾರಿನ ಕೀಯನ್ನೂ ಎಲೆಯ ಪಕ್ಕದಲ್ಲಿಟ್ಟ. ಪೂಜೆ ಮುಗಿದ ಮೇಲೆ ಎಡೆಯನ್ನು ಎಲ್ಲರೂ ಹಂಚಿಕೊಂಡು ತಿಂದರು. ಕೀ ಮಾತ್ರ ಅಲ್ಲೇ ಉಳಿಯಿತು. ಕುಂಕುಮ ಮೆತ್ತಿದ್ದ ಅದನ್ನು ಮುಟ್ಟಲು ಯಾರಿಗೂ ಮನಸ್ಸಿರಲಿಲ್ಲ.

ನೆಂಟರೆಲ್ಲ ಹೋದ ಮೇಲೆ ಮೈದುನ ನನ್ನ ಹತ್ತಿರ ಬಂದು ಕೂತ.

"ಅತ್ಗೆ, ಆ ಗಾಡಿ ಯಾರಿಗಾದ್ರೂ ಕೊಟ್ಬುಡಿ. ಮನೇಲಿ ಇರಾದು ಬ್ಯಾಡ."

"ಯಾಕಪ್ಪ?"

"ಬ್ರೇಕ್ ಹಿಡ್ದಿರಾಕಿಲ್ಲ ಅತ್ಗೆ. ಅದ್ಕೇ ಎದೆ ಒಡ್ಕಂಡವ್ನೆ. ಇಲ್ದಿದ್ರೆ ಅಷ್ಟು ವರ್ಷ ಗಾಡಿ ಓಡ್ಸಿರೋನು ರೋಡ್ ಬುಟ್ಟು ಯಾಕೆ ಇಳೀತಾನೆ? ನಮ್ಮಣ್ಣಂಗೆ ಬಿ.ಪಿ. ಇರಲಿಲ್ಲ, ಸುಗರ್ ಇರಲಿಲ್ಲ. ಆ ಮೂಗಿನೇ ತಿಂದಾಕ್ತು."

ಮೊಪೆಡ್ಡಿನವರು ಹೇಳಿದ್ದನ್ನು ನಾನು ಹೇಳಿದೆ, ಹ್ಯಾಂಡ್ ಬ್ರೇಕ್ ಎಳೆದಿತ್ತಂತೆ ಎಂದು.

"ಬ್ರೇಕ್ ಹಿಡೀದೆ ಇದ್ರೆ ತಾನೇ ಅತ್ಗೆ ಹ್ಯಾಂಡ್ ಬ್ರೇಕ್ ಎಳ್ಯಾದು?"

ಅಲ್ಲಿಯವರೆಗೆ ನಾನು ಅವರ ಸಾವಿನ ಬಗ್ಗೆ ಮಾತ್ರ ಯೋಚಿಸಿದ್ದೆ. ಆ ಮಾತಿನ ಮೇಲೆ ಸಾವಿಗೆ ಮುಂಚಿನ ಗಳಿಗೆ ನನ್ನನ್ನು ಹಿಡಿಯಿತು. ಅವರ ಕಾಲು ಪೆಡಲ್ ಒತ್ತುತ್ತಿರುವುದು, ಅದು ಹಿಡಿಯದಿರುವುದು, ಅವರು ಮತ್ತೆ ಮತ್ತೆ ಒತ್ತುತ್ತಿರುವುದು ಕಣ್ಣಿಗೆ ಕಟ್ಟತೊಡಗಿತು. ಹೋದವರು ಹೋದರು. ಆದರೆ ಹೆದರಿಕೊಂಡು ಹೋದರೇ? ಇದನ್ನು ತಿಳಿಯದೆ ಆ ಕಾರನ್ನು ಮಾರಲೂ ನನಗೆ ಆಗುತ್ತಿರಲಿಲ್ಲ, ಇಟ್ಟುಕೊಳ್ಳಲೂ ಆಗುತ್ತಿರಲಿಲ್ಲ. ಎದ್ದು ಹೋಗಿ ಎಡೆಯ ಪಕ್ಕದಿಂದ ಕೀ ತೆಗೆದುಕೊಂಡೆ. ಮೈದುನ ನೋಡುತ್ತಲೇ ಇದ್ದ.

ಕಾರನ್ನು ಅಷ್ಟರಲ್ಲಿ ಯಾರೋ ತಂದು ಕ್ಯಾತ್ಸಂದ್ರದ ಮನೆ ಮುಂದೆ ನಿಲ್ಲಿಸಿದ್ದರು. ಅದು ಧೂಳು ಹಿಡಿಯುತ್ತ ನಿಂತೇ ಇತ್ತು. ಆಗಾಗ ಚಾರ್ಜಿಗೆ ಹಾಕುತ್ತಿದ್ದೆ, ಓಡಿಸಲು ಅಂತಲ್ಲ, ಕೈ ಅಭ್ಯಾಸ. ಅಜ್ಜಿ ಮಹಡಿಯಿಂದ ನೋಡುತ್ತಿದ್ದರು. ಈಗ ಏನೂ ಕೇಳುತ್ತಿರಲಿಲ್ಲ. ಒಂದು ಬಾರಿ ಮಾತ್ರ, "ಹೊಟ್ಟೆಗೆ ನೀನು ಏನಾದ್ರೂ ಹಾಕ್ಕೊಂಡ್ಯಾ?" ಅಂದರು.

ಯೂನಿಫಾರಂ ಬಟ್ಟೆ ತರಲು ಪೇಟೆಗೆ ಹೋಗಬೇಕಾಗಿ ಬಂದಾಗ ಮೊದಲ ಸಲ ಒಬ್ಬಳೇ ಓಡಿಸಿದೆ. ಬಟವಾಡಿ ದಾಟುವವರೆಗೂ ಎಡಗಡೆ ನೋಡಲಿಲ್ಲ. ಹೋಗುವಾಗ ಎಲ್ಲ ಸರಿಯಿತ್ತು. ಕಾಲು ತೆಗೆದರೆ ಕಾರು ನಿಧಾನವಾಗುತ್ತಿತ್ತು, ಎರಡು ಸಲ ಒತ್ತಿದರೆ ನಿಲ್ಲುತ್ತಿತ್ತು. ಬಟ್ಟೆ ಹಾಕಿಕೊಂಡು ಒಂದು ಸಿಗ್ನಲ್ಲಿನಲ್ಲಿ ಆಟೋ ಹಿಂದೆ ನಿಂತೆ. ಅವರಾಗಿದ್ದರೆ ನಿಂತ ಕೂಡಲೇ ಹ್ಯಾಂಡ್ ಬ್ರೇಕ್ ಎಳೆಯುತ್ತಿದ್ದರು, ಅದೂ ಟೆಂಪೋ ಕಾಲದ್ದೇ. ನಾನು ಪೆಡಲ್ ಮೇಲೆ ಕಾಲಿಟ್ಟುಕೊಂಡು ಕೂತೆ. ಕಾಲ ಕೆಳಗೆ ಪೆಡಲ್ ನಿಧಾನವಾಗಿ ಇಳಿಯತೊಡಗಿತು. ನಾನೇನೂ ಜೋರಾಗಿ ಒತ್ತಿರಲಿಲ್ಲ. ಹಸಿ ಮಣ್ಣಿನಲ್ಲಿ ಕಾಲು ಹೂತುಹೋಗುವ ಹಾಗೆ ಅದು ತಳದವರೆಗೂ ಹೋಯಿತು. ಕಾರು ಮುಂದೆ ತೆವಳಿ ಆಟೋದ ಹಿಂಬದಿಗೆ ತಾಗಿತು.

ಆಟೋದವನು ಇಳಿದು ಬಂದ. "ಏನಮ್ಮ, ಡ್ರೈವಿಂಗ್ ಕಲಿಯಕ್ಕೆ ನನ್ ಆಟೋನೇ ಬೇಕಿತ್ತಾ?" ಎಂದವನು ನನ್ನ ಮುಖ ನೋಡಿ ದನಿ ತಗ್ಗಿಸಿದ. "ಏನಾಗಿಲ್ಲ ಬಿಡಿ. ಹೋಗಿ. ಉಷಾರು."

ಹ್ಯಾಂಡ್ ಬ್ರೇಕ್ ಎಳೆದು ಕೂತೆ. ಹಿಂದಿನವರು ಹಾರನ್ ಹೊಡೆಯುತ್ತಿದ್ದರು. ನನಗೆ ಕೇಳುತ್ತಿದ್ದುದು ಮೈದುನನ ಮಾತು ಒಂದೇ.

ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಕುಣಿಗಲ್ಲಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವರು ಯಜಮಾನರ ಟೆಂಪೋ ಕಾಲದ ಸ್ನೇಹಿತರು, ಈಗ ಎಲೆಕ್ಟ್ರಿಕ್ ಗಾಡಿಗಳ ಕೆಲಸವನ್ನೂ ಕಲಿತಿದ್ದಾರೆ. "ಅಕ್ಕ, ಒಂದು ಅಡೀನೂ ಓಡಿಸ್ಬೇಡಿ. ನಾನೇ ಬರ್ತೀನಿ" ಎಂದರು. ಗಾಡಿ ಹೊರುವ ಲಾರಿಯನ್ನೇ ಕರೆದುಕೊಂಡು ಬಂದರು. ಈ ಕಾರನ್ನು ಹಗ್ಗ ಕಟ್ಟಿ ಎಳೆಯಬಾರದಂತೆ, ಚಕ್ರ ತಿರುಗಿದರೆ ಮೋಟಾರು ಹಾಳಾಗುತ್ತದಂತೆ. ಮೂಗಿ ಲಾರಿಯ ಬೆನ್ನೇರಿತು. ನಾನು ಕ್ಯಾಬಿನ್ನಿನಲ್ಲಿ ಅವರ ಪಕ್ಕ ಕೂತೆ.

ಹೆಬ್ಬೂರು ದಾಟಿದ ಮೇಲೆ ಮೆಕ್ಯಾನಿಕ್ ಕೇಳಿದರು, "ಆ ಮರದ ಹತ್ರ ನಿಲ್ಲಿಸಕ್ಕೆ ಹೇಳ್ಲಾ ಅಕ್ಕ?"

"ಬೇಡ."

ಲಾರಿ ನಿಲ್ಲಲಿಲ್ಲ. ಮರ ಹಿಂದೆ ಹೋಯಿತು. ಮರದ ಕೆಳಗೆ ಯಾರೋ ಹುಣಸೆಹಣ್ಣು ಆರಿಸುತ್ತಿದ್ದರು.

ಅವರ ಗ್ಯಾರೇಜು ಕುಣಿಗಲ್ಲಿನ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕೆರೆ ಏರಿ ಕಾಣುವ ಜಾಗದಲ್ಲಿದೆ. ಕಾರು ಇಳಿಸಿ ಬಾನೆಟ್ ಎತ್ತಿದರು. ಬ್ರೇಕ್ ಆಯಿಲ್ ತುಂಬುವ ಬಿಳಿ ಡಬ್ಬಿಯನ್ನು ಟಾರ್ಚ್ ಹಿಡಿದು ನೋಡಿ, ಮಟ್ಟ ಕಡಿಮೆಯಾಗಿಲ್ಲ, ಆದರೆ ಆಯಿಲ್ ಕಪ್ಪಾಗಿದೆ ಎಂದರು. ಸೋರಿಕೆ ಚಕ್ರದ ಕಡೆ ಇರಬಹುದೆಂದು ಊಹಿಸಿ ನಾಲ್ಕೂ ಚಕ್ರ ಬಿಚ್ಚಿ ಹಿಂದೆಲ್ಲ ಬೆರಳಾಡಿಸಿದರು. ಎಲ್ಲ ಒಣಗಿತ್ತು. ಹಳೇ ಆಯಿಲ್ ತೆಗೆದು ಹೊಸದು ಹಾಕಿ ನೋಡಿದರು. ಮೊದಲ ಒತ್ತಿಗೆ ಪೆಡಲ್ ಗಟ್ಟಿಯಾಗಿ ನಿಂತಾಗ "ಅಷ್ಟೇ ಅಕ್ಕ, ಸರಿಹೋಯ್ತು" ಎಂದು ಕೈ ಒರೆಸಿಕೊಂಡರು. ಕಾಲನ್ನು ಹಾಗೇ ಒತ್ತಿ ಹಿಡಿದರೆ ಮತ್ತೆ ಇಳಿಯಿತು.

"ಥೂ ಇದರ" ಎಂದು ಶುರುಮಾಡಿ ನನ್ನನ್ನು ನೋಡಿ ನಿಲ್ಲಿಸಿದರು.

ಆಮೇಲೆ ಒಂದೊಂದು ಚಕ್ರಕ್ಕೆ ಹೋಗುವ ರಬ್ಬರ್ ಪೈಪನ್ನೂ ಕ್ಲಿಪ್ಪಿನಿಂದ ಹಿಚುಕಿ ಮುಚ್ಚಿದರು. ಒಂದು ಮುಚ್ಚುವುದು, ನನ್ನನ್ನು ಪೆಡಲ್ ಒತ್ತಿ ಹಿಡಿಯಲು ಹೇಳುವುದು. ಪ್ರತಿ ಸಲವೂ ಪೆಡಲ್ ಇಳಿಯಿತು. ನಾಲ್ಕೂ ಮುಚ್ಚಿದ ಮೇಲೂ ಇಳಿಯಿತು. ಅವರು ಎದ್ದು ನಿಂತು ಸೊಂಟಕ್ಕೆ ಕೈಕೊಟ್ಟರು.

"ಹೊರಗಡೆ ಎಲ್ಲೂ ಹೋಗ್ತಿಲ್ಲ ಅಕ್ಕ. ಒಳಗೇ ಜಾರ್ತಿದೆ. ಮಾಸ್ಟರ್ ಸಿಲಿಂಡರ್ ಹೋಗಿದೆ."

ನನಗೆ ಅರ್ಥವಾಗಲಿಲ್ಲ ಎಂದು ತಿಳಿದು ಅವರೇ ಬಿಡಿಸಿ ಹೇಳಿದರು. ನಾವು ಪೆಡಲ್ ಒತ್ತಿದಾಗ ಒಳಗಿರುವ ಕೊಳವೆಯಲ್ಲಿ ಒಂದು ದಂಡ ಮುಂದೆ ಹೋಗಿ ಆಯಿಲನ್ನು ಚಕ್ರಗಳ ಕಡೆ ನೂಕುತ್ತದೆ. ಆ ಕೊಳವೆಯೇ ಮಾಸ್ಟರ್ ಸಿಲಿಂಡರ್. ದಂಡದ ಸುತ್ತ ರಬ್ಬರ್ ವಾಷರ್ ಇರುತ್ತದೆ. ಬೋರಿನ ಕೈಪಂಪಿನ ವಾಷರ್ ಸವೆದರೆ ಎಷ್ಟು ಹೊಡೆದರೂ ನೀರು ಮೇಲೆ ಬರದೆ ಜಾರಿಹೋಗುತ್ತದಲ್ಲ, ಹಾಗೆ. ತೊಟ್ಟೂ ಕೆಳಗೆ ಬೀಳುವುದಿಲ್ಲ, ಡಬ್ಬಿಯಲ್ಲಿ ಮಟ್ಟವೂ ಇಳಿಯುವುದಿಲ್ಲ, ಬ್ರೇಕ್ ಮಾತ್ರ ನಿಲ್ಲುವುದಿಲ್ಲ.

"ಇದು ಒಂದಿನದ್ದಲ್ಲ ಅಕ್ಕ. ತಿಂಗಳುಗಟ್ಟಲೆ ಸವೆದಿರ್ತದೆ. ಅವನಿಗೆ ಹೆಂಗೆ ಗೊತ್ತಾಗ್ಲಿಲ್ಲ ಅನ್ನೋದೇ ನಂಗೆ..." ಎಂದವರು ತಾವೇ ತಡೆದು ಕೇಳಿದರು, "ಈ ಗಾಡೀಲೂ ಎರಡು ಸಲ ಒತ್ತೋನಾ?"

"ನಂಗೂ ಹಂಗೇ ಕಲಿಸಿದ್ರು."

"ನಿನ್ ಕಾಲು ತೊದಲ್ತದೆ ಕಣೋ ಅಂತ ರೇಗಿಸ್ತಿದ್ದೆ ಅವನನ್ನ" ಎಂದು ಕೆಳಗೆ ನೋಡಿದರು. "ಎರಡನೇ ಒತ್ತಿಗೆ ಬ್ರೇಕ್ ಏಳ್ತದೆ. ನಿಂತ ಮೇಲೆ ಹ್ಯಾಂಡ್ ಬ್ರೇಕ್ ಎಳೀತಾನೆ. ಉಳಿದಿದ್ದೆಲ್ಲ ಮೋಟರೇ ನಿಧಾನ ಮಾಡ್ತದೆ. ಇನ್ನೆಲ್ಲಿ ಗೊತ್ತಾಗ್ತದೆ?"

ಕೇಳಬೇಕೆಂದು ಬಂದದ್ದನ್ನು ಆಗ ಕೇಳಿದೆ.

"ಅವತ್ತು ಬ್ರೇಕ್ ಹಿಡೀತಾ, ಇಲ್ವಾ?"

ಅವರು ಕೊಳೆ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡರು. ಆಮೇಲೆ ಚಕ್ರಗಳನ್ನೆಲ್ಲ ಮತ್ತೆ ಕೂರಿಸಿ, ಪೈಪಿನ ಕ್ಲಿಪ್ಪು ತೆಗೆದು, "ಕೂತ್ಕಳಿ ಅಕ್ಕ, ತೋರಿಸ್ತೀನಿ" ಎಂದರು.

ಗ್ಯಾರೇಜಿನ ಹಿಂದೆ ಸ್ವಲ್ಪ ಇಳಿಜಾರಿನ ಖಾಲಿ ಜಾಗವಿದೆ, ಕೊನೆಯಲ್ಲಿ ಮರಳಿನ ಗುಡ್ಡೆ. ಅವರು ಓಡಿಸಿದರು. ನಾನು ಎಡಗಡೆ, ಯಜಮಾನರು ಕೂರುತ್ತಿದ್ದ ಸೀಟಿನಲ್ಲಿ ಕೂತೆ. ನನ್ನ ಚಪ್ಪಲಿ ಮ್ಯಾಟಿನ ನುಣ್ಣನೆ ಜಾಗದ ಮೇಲೆ ಬಂತು. ಕಾಲು ಪಕ್ಕಕ್ಕೆ ಎಳೆದುಕೊಂಡೆ.

ಮೊದಲ ಸಲ ಅವರು ಪೆಡಲನ್ನು ಒಂದೇ ಸಲ, ನಿಧಾನವಾಗಿ ಒತ್ತಿದರು. ಕಾರು ಹಿಡಿದಂತೆ ಮಾಡಿ, ಮತ್ತೆ ಜಾರುತ್ತ ಹೋಗಿ ಮೂಗನ್ನು ಮರಳಿಗೆ ತಾಗಿಸಿ ನಿಂತಿತು. ಹಿಂದೆ ತಂದು ಮತ್ತೆ ಬಿಟ್ಟರು. ಈ ಸಲ ಕಾಲು ಒಮ್ಮೆ ಒತ್ತಿ, ಬಿಟ್ಟು, ಒತ್ತಿತು. ಅದೇ ತೊದಲು. ಇಳಿಜಾರಿನ ಅರ್ಧದಲ್ಲೇ ಕಾರು ನಿಂತಿತು. ಅವರು ಹ್ಯಾಂಡ್ ಬ್ರೇಕ್ ಎಳೆದರು. ಆಮೇಲೆ, ಯಾಕೋ, ಇಂಡಿಕೇಟರ್ ಗುಂಡಿಯನ್ನೂ ಒತ್ತಿದರು. ಟಿಕ್ ಟಿಕ್ ಎನ್ನುವ ಸದ್ದಿನಲ್ಲಿ ಇಬ್ಬರೂ ಸುಮ್ಮನೆ ಕೂತೆವು.

"ಹಿಡಿದಿದೆ ಅಕ್ಕ" ಎಂದರು. "ಬ್ರೇಕ್ ಹಿಡೀದೆ ಇದ್ದಿದ್ರೆ ಗಾಡಿ ಮರಕ್ಕೋ ಮೋರಿಗೋ ಹೋಗಿರ್ತಿತ್ತು. ನೆರಳು ನೋಡಿ ನಿಲ್ಸವ್ನೆ. ಎದೇಲಿ ಏನೋ ಆಗ್ತಿದೆ ಅಂತ ಗೊತ್ತಾಗಿ ಸೈಡಿಗೆ ಹಾಕವ್ನೆ, ಹಿಂದಿಂದ ಬರೋರು ಗುದ್ದಬಾರದು ಅಂತ ಲೈಟ್ ಹಾಕವ್ನೆ. ಡ್ರೈವರ್ ಮಾಡೋದೆಲ್ಲ ಮಾಡವ್ನೆ."

"ಹೆದರಿದ್ರಾ?"

"ಅದು ಬಾನೆಟ್ ಎತ್ತಿದ್ರೆ ಕಾಣಲ್ಲ ಅಕ್ಕ."

ಅವರು ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಹಾಗೆ ಮಾಡಲಿಲ್ಲ. ಅದಕ್ಕೇ ಅವರ ಉಳಿದ ಮಾತನ್ನು ನಾನು ನಂಬಿದೆ.

ಹೊಸ ಸಿಲಿಂಡರ್ ಬೆಂಗಳೂರಿನಿಂದ ಬರಬೇಕಿತ್ತು. ಅದಕ್ಕೆ ಕಾಯುವ ದಿನಗಳಲ್ಲಿ ಮೈದುನನ ಅನುಮಾನವನ್ನು ಮೆಕ್ಯಾನಿಕ್‌ಗೂ, ಕಾರು ಗ್ಯಾರೇಜಿನಲ್ಲಿದೆ ಎಂದು ಮೈದುನನಿಗೂ ಹೇಳಿದ್ದೆ. ಬಂತು ಎಂದು ಫೋನ್ ಬಂದ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋದೆ. ನನ್ನ ಕಾಲು ಬೇಕಾಗುತ್ತದೆ ಎಂದು ಅವರೇ ಹೇಳಿದ್ದರು.

ಮೊದಲು ಚಿಕ್ಕ ಬ್ಯಾಟರಿಯ ವೈರು ತೆಗೆದರು. ಬಾನೆಟ್ಟಿನೊಳಗೆ ದಪ್ಪನೆಯ ಕಿತ್ತಳೆ ಬಣ್ಣದ ವೈರುಗಳಿದ್ದವು. "ಅಕ್ಕ, ಅದರ ಹತ್ರ ಮಾತ್ರ ಕೈ ಬೇಡ. ದೊಡ್ಡ ಬ್ಯಾಟರಿಯಿಂದ ಬರೋದು. ಮುಟ್ಟಿದ್ರೆ ನಂಗೂ ಎಡೆ ಇಡ್ಬೇಕಾಗ್ತದೆ" ಎಂದು ಬಾಯಿ ಜಾರಿ ನಾಲಿಗೆ ಕಚ್ಚಿಕೊಂಡರು. ನನಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು. ನಕ್ಕ ಕೂಡಲೇ ಅಳುವೂ ಬಂತು. ಅವರು ತಿರುಗಿ ಸ್ಪ್ಯಾನರ್ ಹುಡುಕುವವರಂತೆ ನಿಂತರು.

ಡಬ್ಬಿಯಲ್ಲಿದ್ದ ಆಯಿಲನ್ನು ಸಿರಿಂಜಿನಿಂದ ಎಳೆದರು. ಅದು ಬಣ್ಣದ ಮೇಲೆ ಬಿದ್ದರೆ ಪೇಂಟ್ ಏಳುತ್ತದೆಂದು ಸುತ್ತ ಬಟ್ಟೆ ಹಾಸಿದರು. ಸಣ್ಣ ಪೈಪುಗಳ ನಟ್ಟು ಬಿಚ್ಚಿ ಬಾಯಿ ಮುಚ್ಚಿದರು. ಆಮೇಲೆ ಎರಡು ನಟ್ಟು ತೆಗೆದು ಹಳೇ ಸಿಲಿಂಡರನ್ನು ಹೊರಗೆಳೆದರು. ಇಷ್ಟು ದಿನ ನನ್ನ ನಿದ್ದೆ ಕೆಡಿಸಿದ್ದು ಒಂದು ಗೇಣಿನಷ್ಟೂ ಉದ್ದವಿಲ್ಲದ ಲೋಹದ ಕೊಳವೆ. ಬೆಂಚಿನ ಮೇಲಿಟ್ಟು ದಂಡ ತೆಗೆದು ತೋರಿಸಿದರು. ರಬ್ಬರಿನ ಅಂಚು ಒಂದು ಕಡೆ ತಿಂದುಹೋಗಿತ್ತು. ಹಳೇ ಯೂನಿಫಾರಂ ಕಾಲರ್ ಮಡಿಕೆಯಲ್ಲಿ ಸವೆಯುತ್ತದಲ್ಲ, ಹಾಗೆಯೇ.

ಹೊಸದರೊಳಗಿನ ಗಾಳಿಯನ್ನು ಬೆಂಚಿನ ಮೇಲೆಯೇ ತೆಗೆದು, ಕೂರಿಸಿ, ಪೈಪು ಸೇರಿಸಿದರು. ಉಳಿದದ್ದು ಪೈಪುಗಳಲ್ಲಿರುವ ಗಾಳಿ ತೆಗೆಯುವ ಕೆಲಸ. ಅದಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹತ್ತಿರ ಕೂತು ಒಂದು ಸಣ್ಣ ನಿಪ್ಪಲ್ ಸಡಿಲಿಸಿದರೆ ಆಯಿಲಿನ ಜೊತೆ ಗಾಳಿ ಗುಳ್ಳೆಗಳಾಗಿ ಹೊರಗೆ ಬರುತ್ತದೆ. ಅದನ್ನು ಬಿಗಿ ಮಾಡುವವರೆಗೆ ಕಾಲು ಎತ್ತಬಾರದು. ಎತ್ತಿದರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ.

ಹಿಂದಿನ ಚಕ್ರದಿಂದ ಶುರುಮಾಡಿದರು.

"ಒತ್ತಿ ಅಕ್ಕ."

"ಒತ್ತಿದೆ."

"ಹಿಡ್ಕಳಿ."

ಪೆಡಲ್ ಕಾಲ ಕೆಳಗೆ ಜಾರಿತು. ಜಾರಿದ್ದೇ ತಡ, ನನ್ನ ಕಾಲು ಬಿಟ್ಟು ಮತ್ತೆ ಒತ್ತಿತು.

"ಅಕ್ಕಾ! ಗಾಳಿ ಎಳ್ಕಂತು! ಒಂದೇ ಸಲ!"

ಮತ್ತೆ ಮೊದಲಿನಿಂದ. ನನಗೆ ಗೊತ್ತಿತ್ತು, ಈ ಸಲ ಬಿಡಬಾರದು ಎಂದು. ಪೆಡಲ್ ಜಾರಿತು, ಕಾಲು ಬಿಟ್ಟು ಒತ್ತಿತು. ಮತ್ತೊಮ್ಮೆಯೂ ಅದೇ ಆಯಿತು. ಅವರು ಚಕ್ರದ ಹಿಂದಿನಿಂದ ಎದ್ದು ಬಂದು ಬಾಗಿಲ ಹತ್ತಿರ ನಿಂತರು. ಬೈಯುತ್ತಾರೆ ಅಂದುಕೊಂಡೆ.

"ಅಕ್ಕ, ಇದು ನಿಮ್ ಕಾಲಲ್ಲ. ಅವಂದು."

ನಾನು ಸ್ಟೇರಿಂಗ್ ಮೇಲೆ ಕೈಯಿಟ್ಟು ಕೂತಿದ್ದೆ.

"ಬೇರೆ ಯಾರನ್ನಾದ್ರೂ ಕೂರಿಸ್ಲಾ? ಪಕ್ಕದ ಪಂಚರ್ ಅಂಗಡಿಯೋರು ಅವ್ರೆ."

"ಬೇಡ. ನಾನೇ ಒತ್ತುತೀನಿ."

ಚಪ್ಪಲಿ ಬಿಚ್ಚಿದೆ. ಕಾಜ ಹೊಲಿಯುವಾಗ ಮಿಷಿನ್ನಿನ ಪೆಡಲನ್ನು ಒಂದು ಹದದಲ್ಲಿ ತಡೆದು ಹಿಡಿಯುತ್ತೇನೆ, ಹಾಗೆ ಹಿಡಿಯಲು ನೋಡಿದೆ. ಪೆಡಲ್ ಜಾರಿದಾಗ ಮಂಡಿಯ ಮೇಲೆ ಕೈಯಿಟ್ಟು ಅದುಮಿಕೊಂಡೆ. ಕಾಲು ಏಳಲು ನೋಡಿತು, ಬಿಡಲಿಲ್ಲ. "ಬಿಡಿ ಅಕ್ಕ" ಎಂಬ ಮಾತು ಕೇಳಿದ ಮೇಲೆಯೇ ಬಿಟ್ಟೆ. ಹೀಗೆ ನಾಲ್ಕೂ ಚಕ್ರ ಮುಗಿಯುವಷ್ಟರಲ್ಲಿ ಕಾಲಿಗೆ ಅಭ್ಯಾಸ ಬಿಟ್ಟಿತ್ತು. ಬಿಡಿಸಿದವಳು ನಾನೇ. ಅವರು ಕಲಿಸಿದ್ದನ್ನು ಅವರ ಸ್ನೇಹಿತರ ಅಂಗಳದಲ್ಲಿ ಕೂತು ಕಾಲಿನಿಂದ ತೆಗೆದುಹಾಕಿದೆ. ಕೆಲಸ ಸರಿಯಾಗಿ ಆಗುತ್ತಿದೆ ಎಂದು ಗೊತ್ತಿದ್ದೂ ನನಗೆ ತಿಥಿಯ ದಿನಕ್ಕಿಂತ ಹೆಚ್ಚು ದುಃಖವಾಯಿತು.

ಮೆಕ್ಯಾನಿಕ್ ಚಿಕ್ಕ ಕಂಪ್ಯೂಟರ್ ಜೋಡಿಸಿ ಏನೋ ಪರೀಕ್ಷೆ ಮಾಡಿದರು. ಕೆಲಸದ ನಡುವೆ ಹತ್ತಿಕೊಂಡಿದ್ದ ಬ್ರೇಕಿನ ಕೆಂಪು ದೀಪ ಆರಿತು. ಅದೇ ಇಳಿಜಾರಿಗೆ ತಂದು, "ಈಗ ನೀವೇ ಬಿಡಿ" ಎಂದರು. ಒಂದು ಸಲ ಒತ್ತಿದೆ. ಕಲ್ಲಿನ ಮೆಟ್ಟಿಲಿನ ಮೇಲೆ ಕಾಲಿಟ್ಟ ಹಾಗಿತ್ತು. ಕಾರು ನಿಂತಿತು. ಕಾಲು ಹಿಡಿದುಕೊಂಡೇ ಕೂತೆ, ಪೆಡಲ್ ಇಳಿಯಲಿಲ್ಲ.

ಹೊರಡುವಾಗ ಹಳೇ ಸಿಲಿಂಡರನ್ನು ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟರು. "ನಿಮ್ ಮೈದುನಂಗೆ ತೋರಿಸಿ. ನಂಬದೆ ಇದ್ರೆ ನನ್ ಹತ್ರ ಕಳಿಸಿ, ಮರಳಿನ ಗುಡ್ಡೆ ಇಲ್ಲೇ ಇರ್ತದೆ."

ವಾಪಸು ಬರುವಾಗ ಹುಣಸೆಮರ ದೂರದಿಂದಲೇ ಕಂಡಿತು. ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಕಾರು ತಾನೇ ನಿಧಾನವಾಯಿತು. ರಸ್ತೆಯಿಂದ ಕೆಳಗಿಳಿಸಿ ನೆರಳಿನಲ್ಲಿ ನಿಲ್ಲಿಸಿದೆ. ಹ್ಯಾಂಡ್ ಬ್ರೇಕ್ ಎಳೆದೆ. ನಿಲ್ಲಿಸಲು ಅದು ಒಳ್ಳೆಯ ಜಾಗ, ನೆಲ ಮಟ್ಟವಾಗಿದೆ. ಬರುವ ವಾಹನಗಳಿಗೆ ಕಾಣುತ್ತದೆ. ಅವರಲ್ಲದೆ ಬೇರೆ ಯಾವ ಡ್ರೈವರಾದರೂ ಅಲ್ಲೇ ನಿಲ್ಲಿಸುತ್ತಿದ್ದ ಅನ್ನಿಸಿತು. ಮೈದುನನಿಗೆ ಫೋನ್ ಮಾಡಿದೆ.

"ಏನಂದ್ರು ಅತ್ಗೆ?"

"ಬ್ರೇಕ್ ಕೆಟ್ಟಿದ್ದು ನಿಜವಂತೆ. ಆದ್ರೆ ನಿಮ್ಮಣ್ಣ ಒತ್ತೋ ಥರ ಒತ್ತಿದ್ರೆ ಹಿಡೀತಿತ್ತಂತೆ. ಹಿಡೀತು ಕೂಡ. ನಾನು ಅಲ್ಲೇ ನಿಂತಿದ್ದೀನಿ ಈಗ."

ಅವನ ಹಿಂದೆ ಕೊಬ್ಬರಿ ಮೂಟೆ ಎತ್ತುವವರ ಕೂಗು ಕೇಳುತ್ತಿತ್ತು. "ಗಾಡಿ ಕೊಡಾದು ಬ್ಯಾಡ ಬುಡಿ" ಎಂದ ಕೊನೆಗೆ. "ಸಂತೆಗೆ ಬನ್ನಿ ಅತ್ಗೆ."

ಈಗ ಸಂತೆಗೆ ಹೋಗುತ್ತೇನೆ. ಹತ್ತಿರದವರು ಕೇಳಿದರೆ ಬಾಡಿಗೆಗೂ ಹೋಗುತ್ತೇನೆ. ಗುಬ್ಬಿ ಗೇಟಿನಲ್ಲಿ ಒಂದೇ ಸಲ ಒತ್ತಿ ನಿಲ್ಲಿಸುತ್ತೇನೆ. ಅವರು ಹೆದರಿದ್ದರೋ ಇಲ್ಲವೋ ನನಗೆ ಗೊತ್ತಾಗಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಕಾರು ತೊಳೆಯುವಾಗ ಎಡಗಡೆಯ ಮ್ಯಾಟನ್ನು ಒದರಿ ಮತ್ತೆ ಅಲ್ಲೇ ಹಾಸುತ್ತೇನೆ. ನುಣ್ಣಗೆ ಸವೆದ ಜಾಗ ಹಾಗೆಯೇ ಇದೆ. ಅದರ ಮೇಲೆ ಅವರ ಕಾಲಿಲ್ಲ.